ಕಂಬಿಯಕ್ಕ ವಾಪಸು ಕೇಳಿದ ಒಂಬತ್ತು ಜಾಲರಿ

ಬೆಳಗಿನ ಐದೂಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ಪಕ್ಕದ ಅಂಗಡಿಯವನು ಹಾಲಿನ ಕ್ರೇಟು ಇಳಿಸುವ ಸದ್ದು ಬಿಟ್ಟರೆ ಓಣಿಯಲ್ಲಿ ನರಪಿಳ್ಳೆಯ ಸುಳಿವಿಲ್ಲ. ತಗಡಿನ ಶೆಡ್ಡಿನೊಳಗೆ ಮಾತ್ರ ಇದ್ದಿಲ ಒಲೆ ನಿಗಿನಿಗಿ ಅನ್ನುತ್ತಿದೆ. ಅದರ ಮೇಲೆ ನಿನ್ನೆ ಮುಗಿಸಿದ ಹೊಸ ಕಬ್ಬಿಣದ ಜಾಲರಿ. ಅದು ಕಾದು ನೀಲಿಗೆ ತಿರುಗಿದ ಕೂಡಲೇ, ಮೂಗು ಬಾಯಿ ಮುಚ್ಚುವ ದಪ್ಪ ಮಾಸ್ಕ್ ಹಾಕಿಕೊಂಡ ಹೆಂಗಸೊಬ್ಬರು ಅಂಗೈ ಅಗಲದ ಮರದ ಹಲಗೆಯೊಂದನ್ನು ಅಡ್ಡಲಾಗಿ ಹಿಡಿದು ಕಂಬಿಗಳ ಮೇಲೆ ಒತ್ತುತ್ತಾರೆ. ಚುರ್ರೆಂದು ಹೊಗೆ ಏಳುತ್ತದೆ. ಅವರು ಹಿಂದಕ್ಕೂ ಮುಂದಕ್ಕೂ ತಿಕ್ಕುತ್ತಲೇ ಇರುತ್ತಾರೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ನುಣುಪಾಗಿದ್ದ ಹಲಗೆಯ ಅಂಚಿನಲ್ಲಿ ಕಪ್ಪು ಹಲ್ಲುಗಳು ಮೂಡಿರುತ್ತವೆ.

ಜಾಲರಿಗೆ ಅಂಟಿದ ಕರಕಲನ್ನು ಕೆರೆದು ತೆಗೆಯುವ ಹಲಗೆ ಇದು. ಅಂಗಡಿಯಲ್ಲಿ ಈ ಕೆಲಸಕ್ಕೆ ತಂತಿ ಬ್ರಷ್ ಸಿಗುತ್ತದೆ. ಇವರು ಅದನ್ನು ಮುಟ್ಟುವುದಿಲ್ಲ. ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ವಿವರಿಸುತ್ತಾರೆ: "ಒಂದೊಂದು ಜಾಲರಿಗೂ ಅದರದೇ ಹಲಗೆ. ಅಳತೆ ಹಿಡಿದು ಗರಗಸದಲ್ಲಿ ಕೊಯ್ದ್ರೆ ಸರಿಯಾಗಿ ಕೂರಲ್ಲ. ಜಾಲರಿನೇ ತನಗೆ ಬೇಕಾದ ಹಲ್ಲನ್ನ ಸುಟ್ಕೊಳ್ಳುತ್ತೆ. ನಂದೇನಿದೆ, ಹಿಡ್ಕೊಂಡು ನಿಂತ್ಕೊಳ್ಳೋದು ಅಷ್ಟೆ."

ಇವರು ಕಂಬಿಯಕ್ಕ. ವಯಸ್ಸು ಐವತ್ಮೂರು. ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಅದು ಈಗ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮಾತ್ರ ಇದೆ. ಇಲ್ಲಿಂದ ಎರಡು ತಿರುವು ದಾಟಿದರೆ ಸಿಗುವ ಬೀದಿಯಲ್ಲಿ ಸಂಜೆಯಾದರೆ ಮೂವತ್ತನಾಲ್ಕು ಗಾಡಿ-ಅಂಗಡಿಗಳಲ್ಲಿ ಕೆಂಡ ಹೊತ್ತುತ್ತದೆ. ಮೀನು, ಕೋಳಿ, ಮುಸುಕಿನ ಜೋಳ, ಆಲೂಗಡ್ಡೆ ಎಲ್ಲವನ್ನೂ ಸುಡುತ್ತಾರೆ. ಆ ಬೀದಿಯ ರುಚಿಯನ್ನು ಹೊಗಳಿ ಈ ಪುರವಣಿಯಲ್ಲೇ ಎರಡು ಸಲ ಪುಟಗಟ್ಟಲೆ ಬಂದಿದೆ. ಮಸಾಲೆ ಅರೆದವರ ಹೆಸರಿತ್ತು, ಇದ್ದಿಲು ತರುವವರ ಚಿತ್ರವಿತ್ತು. ಅಷ್ಟೆಲ್ಲ ಮೀನು ಮಲಗಿದ್ದ ಜಾಲರಿ ಯಾರದೆಂದು ಒಬ್ಬರೂ ಕೇಳಿರಲಿಲ್ಲ. ತಪ್ಪು ಪತ್ರಿಕೆಯವರದೇ, ಇನ್ನೊಬ್ಬರ ಮೇಲೆ ಹಾಕುವಂತಿಲ್ಲ.

ಹೆಸರಿನ ಬಗ್ಗೆ ಕೇಳಿದರೆ ಅವರಿಗೆ ನಗು. "ಜೈಲಿಗೆ ಹೋದೋರು ಕಂಬಿ ಎಣಿಸ್ತಾರೆ ಅಂತಾರಲ್ಲ, ನಾನು ಯಾವ ತಪ್ಪೂ ಮಾಡದೆ ದಿನಾ ಎಣಿಸ್ತೀನಿ" ಎನ್ನುತ್ತಾರೆ. ಆಮೇಲೆ ಏನೋ ನೆನಪಾದಂತೆ, "ಯಾವ ತಪ್ಪೂ ಅಂದ್ನಾ? ಅದನ್ನ ವಾಪಸ್ ತಗೋತೀನಿ" ಎಂದು ತಿದ್ದಿಕೊಳ್ಳುತ್ತಾರೆ.

ಎಣಿಸುವುದಂತೂ ನಿಜ. ಒಂದು ಜಾಲರಿಗೆ ಇಪ್ಪತ್ತೇಳು ಕಂಬಿ, ಎರಡೂ ತುದಿಗೆ ಸೇರಿ ಐವತ್ತನಾಲ್ಕು ಬೆಸುಗೆ. ಪ್ರತಿಯೊಂದು ಬೆಸುಗೆಯನ್ನೂ ಅರದಿಂದ ಉಜ್ಜಿ ನುಣುಪು ಮಾಡಬೇಕು, ಇಲ್ಲದಿದ್ದರೆ ಮೀನಿನ ಚರ್ಮ ಕಿತ್ತು ಬರುತ್ತದೆ. ಮೀನಿನ ಜಾಲರಿಗೆ ಕಂಬಿಗಳ ನಡುವೆ ಕಿರುಬೆರಳಿನಷ್ಟು ಸಂದು, ಕೋಳಿಗೆ ಹೆಬ್ಬೆರಳಿನಷ್ಟು. ದಿನಕ್ಕೆ ಎರಡು ಜಾಲರಿ ಆದರೆ ಅದೇ ಹೆಚ್ಚು. ಜೊತೆಗೆ ಮಾಂಸ ಚುಚ್ಚುವ ಕಂಬಿ ನಲವತ್ತು. ಅವೂ ದುಂಡಗಿಲ್ಲ, ಚೌಕ. ಕಾಯಿಸಿ, ಒಂದು ತುದಿ ಹಿಡಿದು, ನಾಲ್ಕು ಸುತ್ತು ತಿರುಚುತ್ತಾರೆ. "ದುಂಡು ಕಂಬಿ ತಿರುಗಿಸಿದ್ರೆ ಕಂಬಿ ಮಾತ್ರ ತಿರುಗುತ್ತೆ, ಮಾಂಸ ಇದ್ದಲ್ಲೇ ಇರುತ್ತೆ. ಒಂದು ಮಗ್ಗುಲು ಕರಕಲು, ಇನ್ನೊಂದು ಮಗ್ಗುಲು ಹಸಿ" ಎಂಬುದು ಅವರ ವಿವರಣೆ.

ಕುಲುಮೆಯ ಮನೆತನದಲ್ಲಿ ಹುಟ್ಟಿದವರೇನಲ್ಲ ಇವರು. ಮೊದಲು ಹನ್ನೊಂದು ವರ್ಷ ಒಂದು ದೊಡ್ಡ ಪಾತ್ರೆ ಅಂಗಡಿಯ ಕೌಂಟರಿನಲ್ಲಿ ನಿಂತು ಇದೇ ಬಾರ್ಬೆಕ್ಯೂ ಸಾಮಾನುಗಳನ್ನು ಮಾರುತ್ತಿದ್ದರು. ಬಣ್ಣದ ಪೆಟ್ಟಿಗೆ, ಮೇಲೆ ನಗುವ ಸಂಸಾರದ ಚಿತ್ರ, ಒಳಗೆ ಹೊಳೆಯುವ ಸೆಟ್ಟು. ಒಂದೆರಡು ತಿಂಗಳು ಕಳೆದರೆ ಅದೇ ಪೆಟ್ಟಿಗೆಗಳು ವಾಪಸು ಬರುತ್ತಿದ್ದವು. ಹಿಡಿಯ ಮರ ಸುಟ್ಟಿದೆ, ಮೊಳೆ ಸಡಿಲವಾಗಿದೆ, ಜಾಲರಿ ಸೊಟ್ಟಗಾಗಿದೆ. ಮಾಲೀಕರು ಹೇಳಿಕೊಟ್ಟಿದ್ದ ಉತ್ತರ ಒಂದೇ: "ನೀವು ಬಳಸಿದ ರೀತಿ ಸರಿಯಿಲ್ಲ." ಹನ್ನೊಂದು ವರ್ಷ ಈ ಮಾತನ್ನು ಗಿಳಿಪಾಠದ ಹಾಗೆ ಒಪ್ಪಿಸಿದ್ದಾರೆ.

ಒಂದು ದಿನ ನಡುವಯಸ್ಸಿನ ಗಂಡಸೊಬ್ಬರು ಬಂದು ಕೌಂಟರಿನ ಮೇಲೆ ಒಂದು ತಂತಿ ಬ್ರಷ್ಷನ್ನೂ, ಕಾಗದದಲ್ಲಿ ಮಡಚಿದ ಕೂದಲೆಳೆಯಂಥ ಒಂದು ತಂತಿಯನ್ನೂ ಇಟ್ಟರು. ಬ್ರಷ್ಷಿನಿಂದ ಉದುರಿದ ಆ ತಂತಿ ಜಾಲರಿಗೆ ಅಂಟಿಕೊಂಡು, ಅಲ್ಲಿಂದ ಮಾಂಸಕ್ಕೆ ಹತ್ತಿ, ಅವರ ತಾಯಿಯ ಗಂಟಲಲ್ಲಿ ಸಿಕ್ಕಿಹಾಕಿಕೊಂಡಿತ್ತು. ಡಾಕ್ಟರು ತೆಗೆದುಕೊಟ್ಟಿದ್ದರು. "ಅವ್ರು ದುಡ್ಡು ಕೇಳೋಕೆ ಬಂದಿರ್ಲಿಲ್ಲ. ಉಳಿದ ಬ್ರಷ್ ಮಾರ್ಬೇಡಿ ಅಂತ ಹೇಳೋಕೆ ಬಂದಿದ್ರು. ನಾನು ಏನಂದೆ ಗೊತ್ತಾ? ನೀವು ಬಳಸಿದ ರೀತಿ ಸರಿಯಿಲ್ಲ ಅಂದೆ. ಬಾಯಿಗೆ ಅದೇ ಅಭ್ಯಾಸ ಆಗೋಗಿತ್ತು. ಅವ್ರು ನನ್ನ ಮುಖಾನೇ ನೋಡಿದ್ರು, ಬ್ರಷ್ಷನ್ನ ಅಲ್ಲೇ ಬಿಟ್ಟು ಹೊರಟು ಹೋದ್ರು. ಅವತ್ತು ನನಗೆ ಊಟ ಸೇರ್ಲಿಲ್ಲ." ಆ ತಿಂಗಳು ಮುಗಿದ ಮೇಲೆ ಅವರು ಅಂಗಡಿಗೆ ಕಾಲಿಡಲಿಲ್ಲ.

ಗಂಡ ಬಸ್ ಡ್ರೈವರ್. ಗಂಡನ ಅಣ್ಣ ಕಿಟಕಿ-ಗೇಟು ಮಾಡುವ ವೆಲ್ಡಿಂಗ್ ಶೆಡ್ಡು ಇಟ್ಟಿದ್ದರು. ಕೆಲಸ ಬಿಟ್ಟು ಮನೆಯಲ್ಲಿ ಕೂತ ತಮ್ಮನ ಹೆಂಡತಿಗೆ ಅವರು ತಮಾಷೆಗೆ ಹೇಳಿದರಂತೆ, "ಅಂಗಡಿ ಸಾಮಾನನ್ನ ಅಷ್ಟು ಬೈತೀಯಲ್ಲಮ್ಮ, ನೀನೇ ಒಂದು ಮಾಡಿ ತೋರಿಸು ನೋಡೋಣ." ತೋರಿಸಿದರು. ಮೊದಲ ಜಾಲರಿಯ ನಾಲ್ಕು ಕಾಲಲ್ಲಿ ಮೂರು ಮಾತ್ರ ನೆಲಕ್ಕೆ ತಾಗುತ್ತಿದ್ದವು. ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು, ಮರುದಿನದಿಂದ ಪಕ್ಕದಲ್ಲಿ ನಿಂತು ಕಲಿಸಿದರು. ಹತ್ತೊಂಬತ್ತು ವರ್ಷಗಳಾದವು. ಭಾವ ಈಗ ಕಣ್ಣು ಸೋತು ಮನೆಯಲ್ಲಿದ್ದಾರೆ. ಶೆಡ್ಡು ಇವರದಾಗಿದೆ. ಎಡಗೈ ಹೆಬ್ಬೆರಳಿನ ಉಗುರು ಎರಡು ಸಲ ಹೋಗಿ ಬಂದಿದೆ, ಮುಂಗೈ ತುಂಬ ಕಿಡಿ ಸಿಡಿದ ಚುಕ್ಕೆಗಳು, ಸೊಂಟಕ್ಕೆ ಬೆಲ್ಟು. "ಕೂತು ಮಾಡೋ ಕೆಲ್ಸ ಅಲ್ಲ, ಬಗ್ಗಿ ಮಾಡೋ ಕೆಲ್ಸ" ಎಂದಷ್ಟೇ ಹೇಳಿ ಆ ವಿಷಯ ಮುಗಿಸುತ್ತಾರೆ.

ಇಷ್ಟೆಲ್ಲ ಕೇಳಿ, ಇವರು ಕೊಂಡ ಸಾಮಾನಿನ ಹಗೆ ಎಂದುಕೊಂಡರೆ ತಪ್ಪು. ಮನೆಯ ಹಿತ್ತಲಲ್ಲಿ ಒಲೆ ಹೂಡುವ ಆಸೆಯಿಂದ ಬರುವವರಿಗೆ ಇವರು ಕೊಡುವ ಸಲಹೆ ವ್ಯಾಪಾರಿಯದ್ದಲ್ಲವೇ ಅಲ್ಲ. ಇಕ್ಕಳ ಬೇಕೆಂದರೆ, "ಅಂಗಡಿಗೆ ಹೋಗಿ. ಅದರ ಸ್ಪ್ರಿಂಗು ನನ್ನ ಕೈಲಿ ಬರಲ್ಲ, ನಂದು ಹಿಡಿದ್ರೆ ಬಿಡಲ್ಲ, ಬಿಟ್ರೆ ಹಿಡಿಯಲ್ಲ" ಎನ್ನುತ್ತಾರೆ. ಶಾಖ ಅಳೆಯುವ ಮೀಟರು, ಕೈಗವಸು ಇವನ್ನೂ ಕೊಂಡುಕೊಳ್ಳಿ ಎನ್ನುತ್ತಾರೆ. ಜಾಲರಿ, ತಿರುಚಿದ ಕಂಬಿ, ಕೆರೆಯುವ ಹಲಗೆ, ಈ ಮೂರನ್ನು ಮಾಡಿಸಿಕೊಳ್ಳಿ. ಕೈ ನೆಟ್ಟಗಿದ್ದರೆ ನೀವೇ ಮಾಡಿಕೊಳ್ಳಿ, ಬನ್ನಿ ತೋರಿಸುತ್ತೇನೆ ಎನ್ನುತ್ತಾರೆ. ಈಚೆಗೆ ಒಬ್ಬರು ಫೋನಿನಲ್ಲಿ ವಿಡಿಯೊ ನೋಡಿಕೊಂಡು, ಹಳೇ ಫ್ರಿಜ್ಜಿನ ತಂತಿ ತಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದರು. ಕಾಲು ಹಚ್ಚಿಕೊಟ್ಟರೆ ಪುಕ್ಕಟೆ ಗ್ರಿಲ್ ಆಗುತ್ತದೆ ಎಂಬ ಖುಷಿ. "ಸ್ವಾಮಿ, ಇದು ಟೊಮೇಟೊ ಇಡೋಕೆ ಹುಟ್ಟಿದ್ದು. ಮೇಲಿರೋ ಲೇಪ ಬೆಂಕಿಗೆ ಕೊಟ್ರೆ ವಿಷದ ಹೊಗೆ ಬರುತ್ತೆ. ಮನೆಗೆ ತಗೊಂಡ್ಹೋಗಿ" ಎಂದು ಕೈಮುಗಿದು ಕಳಿಸಿದರು.

ಲೇಪದ ಭಯ ಈ ಕಸುಬಿನ ದೊಡ್ಡ ಭಯ. ಕಬ್ಬಿಣದ ಕಂಬಿ ತುಕ್ಕು ಹಿಡಿಯದಿರಲಿ ಎಂದು ಅದಕ್ಕೆ ಜಿಂಕ್ ಬಳಿದಿರುತ್ತಾರೆ. ಬೇಲಿಗೆ, ಕಿಟಕಿಗೆ ಅದು ಒಳ್ಳೆಯದು. ಆದರೆ ಅದನ್ನು ಬೆಸೆದರೆ, ಬೆಂಕಿಯ ಮೇಲಿಟ್ಟು ಕಾಯಿಸಿದರೆ ಬಿಳಿ ಹೊಗೆ ಏಳುತ್ತದೆ. ಉಸಿರಿಗೆ ಹೋದರೆ ಚಳಿ ಜ್ವರ ಬರುತ್ತದೆ. ಮೇಲೆ ಬಿಳಿ ಪುಡಿ ಕಟ್ಟಿ ಉದುರುತ್ತದೆ. ಹಾಗಾಗಿ ಕಂಬಿಯಕ್ಕನ ಶೆಡ್ಡಿಗೆ ಲೇಪವಿಲ್ಲದ ಬರೀ ಕಬ್ಬಿಣ ಮಾತ್ರ ಬರಬೇಕು. ಬಂದ ಕಟ್ಟಿನಲ್ಲಿ ಲೇಪದ ಕಂಬಿ ಸೇರಿಕೊಂಡಿದೆಯೇ ಎಂದು ತಿಳಿಯಲು ಅವರಿಗೆ ಹದಿನೆಂಟು ವರ್ಷ ಒಂದೇ ಉಪಾಯವಿತ್ತು. ಮೂಗು. ಬೆಸುಗೆಯ ಮೊದಲ ಕಿಡಿಗೇ ನಾಲಿಗೆಯ ಮೇಲೆ ಒಂಥರಾ ಸಿಹಿ-ಒಗರು ಬರುತ್ತದಂತೆ. ಬಂದ ಕೂಡಲೇ ಆ ಕಂಬಿ ಆಚೆಗೆ.

ಮೂಗನ್ನು ಹೀಗೆ ದುಡಿಸಿಕೊಂಡರೆ ಎದೆ ಸುಮ್ಮನಿರುತ್ತದೆಯೇ? ಕಳೆದ ವರ್ಷ ಕೆಮ್ಮು ಹಿಡಿದು ಬಿಡಲೇ ಇಲ್ಲ. ಒಬ್ಬಳೇ ಮಗಳು ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಎರಡು ಬದಿಗೂ ಫಿಲ್ಟರು ಇರುವ ದಪ್ಪ ಮಾಸ್ಕು ಕೊಂಡು ತಂದು, "ಇದನ್ನ ಹಾಕ್ಕೊಳ್ಳದೆ ಬೆಂಕಿ ಮುಟ್ಟಿದ್ರೆ ನನ್ನಾಣೆ" ಎಂದಳು. ಕಂಬಿಯಕ್ಕ ಗೊಣಗುತ್ತಲೇ ಹಾಕಿಕೊಂಡರು. ಹತ್ತು ದಿನದಲ್ಲಿ ಕೆಮ್ಮು ಇಳಿಯಿತು. ಮಗಳು ಗೆದ್ದಳು, ತಾಯಿ ಒಪ್ಪಿಕೊಂಡರು, ಎಲ್ಲ ಸರಿಹೋಯಿತು ಅಂದುಕೊಂಡರು. ಮಾಸ್ಕಿನೊಳಗೆ ಮೂಗಿಗೆ ರಜೆ ಸಿಕ್ಕಿದೆ ಎಂಬುದು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ.

ಅದೇ ಹೊತ್ತಿಗೆ ಬೀದಿಯಲ್ಲಿ ಬೇರೊಂದು ಮಾತು ಎದ್ದಿತ್ತು. ಜೋಳ ಸುಡುವವರೊಬ್ಬರು ಅಂಗಡಿಗಳ ಸಂಘದ ಕಾರ್ಯದರ್ಶಿ. ಎಲ್ಲ ಅಂಗಡಿಯೂ ಒಂದೇ ಥರ ಫಳಫಳ ಹೊಳೆಯಬೇಕು, ಅದಕ್ಕೆ ಎಲ್ಲರೂ ಕಂಪನಿಯ ಸ್ಟೀಲ್ ಸೆಟ್ಟು ಕೊಳ್ಳೋಣ ಎಂಬುದು ಅವರ ಯೋಚನೆ. ಮನುಷ್ಯ ಕೆಟ್ಟವರಲ್ಲ, ಸೋಮವಾರದ ಸಭೆಗೆ ಬಂದು ನಿಮ್ಮ ಮಾತನ್ನೂ ಹೇಳಿ ಎಂದು ಕಂಬಿಯಕ್ಕನನ್ನು ತಾವೇ ಕರೆದಿದ್ದರು. ಬೀದಿಗೆ ಬೀದಿಯೇ ಸೆಟ್ಟಿನ ಕಡೆ ಹೋದರೆ ಶೆಡ್ಡಿಗೆ ಬೀಗ. ವಾರವಿಡೀ ಮಗಳು ಅಮ್ಮನಿಗೆ ಭಾಷಣ ಕಲಿಸಿದಳು.

ಸಭೆಗೆ ಮೂರು ದಿನ ಇರುವಾಗ, ಶುಕ್ರವಾರ ಬೆಳಿಗ್ಗೆ ಗುಂಡಕ್ಕ ಶೆಡ್ಡಿಗೆ ಬಂದರು. ಮೀನು ಸುಡುವ ಗುಂಡಕ್ಕ ಇವರ ಹಳೇ ಗಿರಾಕಿ, ಹಳೇ ಗೆಳತಿ. ಹೊಸ ಜಾಲರಿಯನ್ನು ಗೋಣಿಯಲ್ಲಿ ಸುತ್ತಿ ತಂದಿದ್ದರು.

"ಇದೇನೇ ಇದು, ಬಿಳೀ ಪುಡಿ ಉದುರ್ತಿದೆ? ಮೊದಲನೇ ದಿನ ಹೊಗೇನೂ ಬೆಳ್ಳಗಿತ್ತು. ಅವತ್ತು ಸಂಜೆ ನನಗೆ ಮೈಯೆಲ್ಲ ನಡುಕ ಬಂದು, ಮಾರನೇ ದಿನ ತಾನಾಗೇ ಬಿಡ್ತು" ಎಂದರು.

ಕಂಬಿಯಕ್ಕ ಜಾಲರಿಯನ್ನು ಬಿಸಿಲಿಗೆ ಹಿಡಿದರು. ಅರದಿಂದ ಒಂದು ಮೂಲೆ ಉಜ್ಜಿ, ಕಕ್ಕಸು ತೊಳೆಯುವ ಆ್ಯಸಿಡ್ಡಿನ ಒಂದು ಹನಿ ಬಿಟ್ಟರು. ಬರೀ ಕಬ್ಬಿಣಕ್ಕೆ ಏಳದಂಥ ಬುರುಬುರು ನೊರೆ ಎದ್ದಿತು. ಜಿಂಕ್. ಕಬ್ಬಿಣದ ವ್ಯಾಪಾರಿ ಕಳಿಸಿದ ಕಟ್ಟಿನ ನಡುವೆ ಲೇಪದ ಕಂಬಿಗಳು ಸೇರಿಕೊಂಡಿದ್ದವು, ಎಣ್ಣೆ ಮತ್ತು ಧೂಳಿನಲ್ಲಿ ಎಲ್ಲವೂ ಒಂದೇ ಬಣ್ಣವಾಗಿ ಕಂಡಿದ್ದವು, ಹಲಗೆ ಸುಡುವಾಗಿನ ಹೊಗೆಯಲ್ಲಿ ಬಿಳಿ ಹೊಗೆ ಬೇರೆಯಾಗಿ ಗೊತ್ತಾಗಿರಲಿಲ್ಲ. ಮಾಸ್ಕ್ ಹಾಕಿದ ಎರಡು ವಾರದಲ್ಲಿ ಬೀದಿಗೆ ಹೋದ ಜಾಲರಿಗಳು ಇಪ್ಪತ್ತು. ಅವುಗಳಲ್ಲಿ ಎಷ್ಟು ಕೆಟ್ಟವು, ಯಾವ ಅಂಗಡಿಯಲ್ಲಿವೆ ಎಂದು ಹೇಳುವಂತಿರಲಿಲ್ಲ. ಅಂಗಡಿಯವರು ತಮ್ಮ ತಮ್ಮಲ್ಲೇ ಜಾಲರಿ ಅದಲುಬದಲು ಮಾಡಿಕೊಳ್ಳುತ್ತಿರುತ್ತಾರೆ.

ಗುಂಡಕ್ಕನನ್ನು ಡಾಕ್ಟರಿಗೆ ತೋರಿಸಿ ಬಂದ ಮಗಳು, ಈಗ ಏನೂ ತೊಂದರೆಯಿಲ್ಲವಂತೆ ಎಂದಳು. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತೂ ಹೇಳಿದಳು. "ಅಮ್ಮ, ಸೋಮವಾರ ಸಭೆ ಇದೆ. ಇವತ್ತೇ ಊರಿಗೆಲ್ಲ ಸಾರ್ಬೇಕಾ? ಪಾಲಿಶ್ ಮಾಡಿಕೊಡ್ತೀವಿ ಅಂತ ಒಂದೊಂದೇ ವಾಪಸ್ ತರಿಸ್ಕೊಳ್ಳೋಣ. ಯಾರಾದ್ರೂ ಕೇಳಿದ್ರೆ, ಕೆಂಡ ಜಾಸ್ತಿ ಹಾಕಿದ್ದಕ್ಕೆ ಹಾಗಾಗಿದೆ ಅಂದ್ರಾಯ್ತು."

ಆ ಹುಡುಗಿಯನ್ನು ದೂರುವಂತಿಲ್ಲ. ತಾಯಿಯ ಶೆಡ್ಡು ಉಳಿಯಲಿ ಎಂಬ ಕಕ್ಕುಲಾತಿ ಅದು. ಆದರೆ ಕಂಬಿಯಕ್ಕನಿಗೆ ಕೇಳಿಸಿದ್ದು ಮಗಳ ದನಿಯಲ್ಲ, ಕೌಂಟರಿನ ಹಿಂದೆ ನಿಂತ ತಮ್ಮದೇ ದನಿ. "ನೀನು ಹೇಳಿದ್ದು ಬುದ್ಧಿವಂತಿಕೆನೇ ಕಣೇ. ಆದ್ರೆ ಇವತ್ತು ಸಂಜೆನೂ ಅದ್ರ ಮೇಲೇ ಸುಡ್ತಾರಲ್ಲ" ಎಂದು ಆ್ಯಸಿಡ್ ಬಾಟಲಿಯನ್ನೂ ಅರವನ್ನೂ ಚೀಲಕ್ಕೆ ಹಾಕಿಕೊಂಡು ಹೊರಟರು.

ಮಧ್ಯಾಹ್ನ ಹನ್ನೆರಡಕ್ಕೆ ಬೀದಿಯ ಈ ತುದಿಯಿಂದ ಶುರುವಾಯಿತು. ಸಂಜೆಯ ಸಿದ್ಧತೆಯಲ್ಲಿದ್ದ ಒಂದೊಂದು ಅಂಗಡಿಯ ಮುಂದೂ ಅದೇ ಮಾತು: "ನನ್ನಿಂದ ತಪ್ಪಾಗಿದೆ. ಜಾಲರಿ ಕೊಡಿ, ನೋಡ್ಬೇಕು." ಕೆಲವರು ಕಕ್ಕಾಬಿಕ್ಕಿಯಾದರು. ಕೆಲವರು ತಣ್ಣಗೆ ಜಾಲರಿ ಎತ್ತಿಕೊಟ್ಟರು. ಕೋಳಿ ಸುಡುವವರೊಬ್ಬರಿಗೆ ಮಾತ್ರ ರೇಗಿಹೋಯಿತು. "ಮೂರು ದಿನದಿಂದ ಇದ್ರ ಮೇಲೆ ಸುಟ್ಟಿದ್ದನ್ನೇ ಜನಕ್ಕೆ ಕೊಟ್ಟಿದ್ದೀನಲ್ಲಮ್ಮ! ನನ್ನ ಮಕ್ಕಳೂ ತಿಂದಿದ್ದಾರೆ! ಯಾರಿಗೆ ಏನಾದ್ರೂ ಆಗಿದ್ರೆ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು. ಅವರು ಕೂಗಿ ಮುಗಿಸುವವರೆಗೆ ಕಂಬಿಯಕ್ಕ ನಿಂತಿದ್ದು, ಮಕ್ಕಳನ್ನು ಒಮ್ಮೆ ಡಾಕ್ಟರಿಗೆ ತೋರಿಸಿ ಎಂದು ಕ್ಲಿನಿಕ್ಕಿನ ವಿಳಾಸ ಕೊಟ್ಟು, ಮುಂದಿನ ಅಂಗಡಿಗೆ ಹೋದರು. ಮಕ್ಕಳಿಗೆ ಏನೂ ಆಗಿರಲಿಲ್ಲ. ಸಂಜೆ ಐದರ ಹೊತ್ತಿಗೆ ಮೂವತ್ತನಾಲ್ಕೂ ಅಂಗಡಿ ಮುಗಿದು, ಗುಂಡಕ್ಕನದೂ ಸೇರಿ ಕೈಗಾಡಿಯಲ್ಲಿ ಒಂಬತ್ತು ಜಾಲರಿ ಬಂದು ಬಿದ್ದಿದ್ದವು. ಒಂದೊಂದನ್ನೂ ಕಟಿಂಗ್ ಮೆಷಿನ್ನಿಗೆ ಕೊಟ್ಟು ಎರಡು ತುಂಡು ಮಾಡಿದರು, ಇನ್ನೊಬ್ಬರ ಕೈಗೆ ಹೋಗಬಾರದೆಂದು.

ಶನಿವಾರ, ಭಾನುವಾರ ಬೇರೆ ಒಂಬತ್ತು ಜಾಲರಿ ಆಗಬೇಕಿತ್ತು. ದಿನಕ್ಕೆ ಎರಡು ಮಾಡುವ ಕೈಗೆ ಅದು ಆಗದ ಮಾತು. ಗಂಡ ಬಸ್ಸಿಗೆ ರಜೆ ಹಾಕಿ ಕಂಬಿ ಕತ್ತರಿಸಿದರು, ಮಗಳು ಪ್ರತಿ ಕಂಬಿಗೂ ಆ್ಯಸಿಡ್ ಹನಿ ಬಿಟ್ಟು ನೋಡಿದಳು, ಕಣ್ಣು ಕಾಣದ ಭಾವ ಕೂಡ ಬಂದು ಕೂತು ಬೆರಳಾಡಿಸಿ ಬೆಸುಗೆಯ ನುಣುಪು ನೋಡಿ ಹೇಳಿದರು. ಒಂಬತ್ತೂ ಆದವು. ಕಲಿತಿದ್ದ ಭಾಷಣ ಮಾತ್ರ ಪೂರಾ ಮರೆತುಹೋಗಿತ್ತು.

ಸೋಮವಾರದ ಸಭೆಯಲ್ಲಿ ಮೇಜಿನ ಮೇಲೆ ಕಂಪನಿಯ ಸೆಟ್ಟು ಬಿಚ್ಚಿಟ್ಟಿತ್ತು. ಕಂಬಿಯಕ್ಕ ಎದ್ದು ನಿಂತು, ಏನು ನಡೆಯಿತು ಎಂಬುದನ್ನು ಮತ್ತೊಮ್ಮೆ ಎಲ್ಲರೆದುರು ಹೇಳಿದರು. "ಮಾಸ್ಕಿನ ತಪ್ಪಲ್ಲ. ಅದು ಒಳ್ಳೇದೇ, ಈಗ್ಲೂ ಹಾಕ್ಕೋತೀನಿ. ಮೂಗೊಂದನ್ನೇ ನಂಬಿ ಇಷ್ಟು ವರ್ಷ ಕೂತಿದ್ದು ನನ್ನ ತಪ್ಪು. ಇನ್ಮೇಲೆ ಹನಿ ಬಿಟ್ಟು ನೋಡದ ಕಂಬಿ ಬೆಂಕಿ ಮುಟ್ಟಲ್ಲ" ಎಂದರು. ಆಮೇಲೆ ಸೆಟ್ಟಿನತ್ತ ತಿರುಗಿ ಜಾಲರಿಯನ್ನು ಎತ್ತಿ, ಬಗ್ಗಿಸಿ ನೋಡಿದರು. "ಸ್ಟೀಲ್ ಒಳ್ಳೇದಿದೆ. ಸ್ವಲ್ಪ ತೆಳು, ದಿನಾ ಕಾದ್ರೆ ವರ್ಷದೊಳಗೆ ಜೋಲುತ್ತೆ. ಇಕ್ಕಳ ಬಹಳ ಚೆನ್ನಾಗಿದೆ. ತಂತಿ ಬ್ರಷ್ ಮಾತ್ರ ದಯವಿಟ್ಟು ಎಸೆದುಬಿಡಿ."

ಕಾರ್ಯದರ್ಶಿಗೆ ತಡೆಯಲಾಗಲಿಲ್ಲ. "ಅಕ್ಕ, ನೀವು ನಿಮ್ಮ ಪರ ಮಾತಾಡೋಕೆ ಬಂದ್ರೋ, ಸೆಟ್ಟಿನ ಪರ ಮಾತಾಡೋಕೆ ಬಂದ್ರೋ?" ಎಂದರು. ಸಭೆ ನಕ್ಕಿತು. ಕಂಬಿಯಕ್ಕನೂ ನಕ್ಕು ಕೂತರು.

ಒಂದು ಹಾಳೆ ಕೈಯಿಂದ ಕೈಗೆ ಹೋಯಿತು. ಎಡಗಡೆ ಸೆಟ್ಟು, ಬಲಗಡೆ ಕಂಬಿಯಕ್ಕ. ಬೇಕಾದ ಕಡೆ ಸಹಿ ಹಾಕಬೇಕು, ಯಾವುದಕ್ಕೆ ಸಹಿ ಹಾಕುತ್ತಾರೋ ಅವರ ಅಂಗಡಿಗೆ ಅದು. ಕಾರ್ಯದರ್ಶಿ ಓದಿದರು: ಸೆಟ್ಟಿಗೆ ಹದಿನೆಂಟು, ಕಂಬಿಯಕ್ಕನಿಗೆ ಹದಿನಾರು. ಸೋಲೇ ಅದು. ಅರ್ಧಕ್ಕಿಂತ ಹೆಚ್ಚು ಗಿರಾಕಿಗಳು ಒಂದೇ ಸಂಜೆಗೆ ಕೈಬಿಟ್ಟಿದ್ದರು. ಮಗಳ ಕಣ್ಣಲ್ಲಿ ನೀರು ಬಂತು. ಆಗ ಗುಂಡಕ್ಕ ಹಾಳೆಯನ್ನು ಇಸಿದುಕೊಂಡು, ಬಲಗಡೆಯ ಸಹಿಗಳ ಮೇಲೆ ಬೆರಳಿಟ್ಟು ಒಂದೊಂದನ್ನೇ ಕಂಬಿಯಕ್ಕನಿಗೆ ಓದಿ ಹೇಳಿದರು. ಕೆಟ್ಟ ಜಾಲರಿ ಸಿಕ್ಕಿದ ಒಂಬತ್ತು ಅಂಗಡಿಗಳಲ್ಲಿ ಎಂಟು ಅಲ್ಲಿದ್ದವು. ಸೆಟ್ಟಿನ ಕಡೆ ಹೋದವರಲ್ಲಿ ಹೆಚ್ಚಿನವರಿಗೆ ಕಂಬಿಯಕ್ಕನಿಂದ ಯಾವ ತೊಂದರೆಯೂ ಆಗಿರಲಿಲ್ಲ.

ಒಂಬತ್ತನೆಯವರು ಅವತ್ತು ಕೂಗಿದ ಕೋಳಿ ಅಂಗಡಿಯವರು. ಇವತ್ತಿಗೂ ಎದುರು ಸಿಕ್ಕರೆ ಮುಖ ತಿರುಗಿಸುತ್ತಾರೆ. "ಅವ್ರ ಸಿಟ್ಟು ನ್ಯಾಯದ್ದೇ. ಮಕ್ಕಳು ತಿಂದಿದ್ವಲ್ಲ. ನಾನು ನಮಸ್ಕಾರ ಹೇಳ್ತೀನಿ, ಅವ್ರು ಹೇಳ್ದಿದ್ರೂ ನಡೆಯುತ್ತೆ" ಎನ್ನುತ್ತಾರೆ ಕಂಬಿಯಕ್ಕ.

ಈಗ ಹದಿನಾರು ಅಂಗಡಿ, ಜೊತೆಗೆ ಮನೆಗೆ ಮಾಡಿಸಿಕೊಳ್ಳುವವರು ಅಲ್ಲೊಬ್ಬರು ಇಲ್ಲೊಬ್ಬರು. ಶೆಡ್ಡಿಗೆ ಬೀಗ ಬಿದ್ದಿಲ್ಲ. ಹಿಂದಿನಷ್ಟು ಕೆಲಸವಿಲ್ಲ ಎಂಬುದನ್ನು ಅವರು ಮುಚ್ಚಿಡುವುದಿಲ್ಲ, ಸೊಂಟಕ್ಕೆ ಅದೇ ಒಳ್ಳೆಯದಾಯಿತು ಎಂದು ನಗುತ್ತಾರೆ. ಆ ನಗುವಿನ ಹಿಂದೆ ಚಿಂತೆ ಇರುವುದೂ ಕಾಣುತ್ತದೆ.

ಹೊರಡುವ ಹೊತ್ತಿಗೆ ಕ್ಲಿನಿಕ್ಕಿಗೆ ಸಿದ್ಧಳಾದ ಮಗಳು ಬಾಗಿಲಿಗೆ ಬಂದು ಪಿಸುಮಾತಿನಲ್ಲಿ ಕೇಳಿಕೊಳ್ಳುತ್ತಾಳೆ. "ಪೇಪರಿನಲ್ಲಿ ಆ ಜಿಂಕ್ ವಿಷಯ ಬಿಟ್ಬಿಡಿ ಸಾರ್. ಹದಿನೆಂಟು ವರ್ಷ ಅಮ್ಮನ ಕೆಲ್ಸದಲ್ಲಿ ಒಂದು ದೂರೂ ಇರ್ಲಿಲ್ಲ ಅಂತ ಬರೀರಿ. ಅದೂ ನಿಜಾನೇ ಅಲ್ವಾ?"

ಪಿಸುಮಾತು ಒಳಗೆ ಕೇಳಿಸಿದೆ. ಕಂಬಿಯಕ್ಕ ಸುತ್ತಿಗೆ ಕೆಳಗಿಟ್ಟು, ಮಾಸ್ಕು ತೆಗೆದು ಹೊರಗೆ ಬರುತ್ತಾರೆ.

"ಅದನ್ನ ಬಿಟ್ರೆ ನನ್ನ ಬಗ್ಗೆ ಬರೆಯೋಕೆ ಏನಿದೆ? ಕಬ್ಬಿಣ ಬಗ್ಗಿಸೋರು ಬೇಕಾದಷ್ಟು ಜನ ಇದ್ದಾರೆ. ತಪ್ಪು ಮಾಡಿದ್ಲು ಅಂತ ಬರೀರಿ. ಗೊತ್ತಾದ ದಿನಾನೇ ಬಂದು ಹೇಳಿದ್ಲು ಅಂತ ಬರೀರಿ. ಅಷ್ಟು ಸಾಕು ನಂಗೆ."